ಭಾನುವಾರ ಬೆಳಗಿನ ಆಟಕ್ಕೊಂದು ಜಾಗ ಉಳಿಸಿ

ಮಾನ್ಯ ಸಾಂಸ್ಕೃತಿಕ ವ್ಯವಹಾರಗಳ ಸಚಿವರಿಗೆ,
ಮಹಾರಾಷ್ಟ್ರ ಸರ್ಕಾರ, ಮುಂಬೈ.

ನಮಸ್ಕಾರ.

ಹಳೆಯ ಟಾಕೀಸು ಕೆಡವಿ ಕಟ್ಟುವಾಗ ಅಲ್ಲಿ ಸಿನಿಮಾಕ್ಕೂ ಜಾಗ ಉಳಿಸಿ ಎಂದು ಕೇಳಲು ಈ ಪತ್ರ. ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಗಳು ಮರಾಠಿಗೆ ಮಾಡಿ ನಿಮ್ಮ ಕಚೇರಿಗೆ ಕಳಿಸುತ್ತಾಳೆ. ನನ್ನದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕಲಿತ ಮರಾಠಿ. ಲೆಕ್ಕಕ್ಕೆ ಸಾಕು, ಅರ್ಜಿಗೆ ಸಾಲದು.

ಹದಿನಾರನೇ ವಯಸ್ಸಿಗೆ ಊರು ಬಿಟ್ಟು ಮುಂಬೈಗೆ ಬಂದು ಇಲ್ಲಿನ ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲು ಸೇರಿದೆ. ಹಗಲು ಟೇಬಲ್ ಒರೆಸುವುದು, ರಾತ್ರಿ ಕನ್ನಡ ಶಾಲೆ. ಸಿನಿಮಾ ಎಂದರೆ ಭಾನುವಾರ ಬೆಳಗಿನ ಆಟ. ಹೇಗೂ ಖಾಲಿ ಬಿದ್ದಿರುವ ಹೊತ್ತು ಅಂತ ಟಾಕೀಸಿನವರು ಕಡಿಮೆ ಬಾಡಿಗೆಗೆ ಕೊಡುತ್ತಿದ್ದರು. ನಮ್ಮವರೇ ಯಾರೋ ದುಡ್ಡು ಹಾಕಿ ಕನ್ನಡ ಚಿತ್ರ ತರಿಸುತ್ತಿದ್ದರು. ಟಿಕೆಟ್ ಹೋಟೆಲ್ ಗಲ್ಲಾದಲ್ಲೇ ಸಿಗುತ್ತಿತ್ತು. ರೀಲಿನ ಡಬ್ಬಿ ಬಸ್ಸಿನಲ್ಲಿ ಬರಬೇಕು. ಘಟ್ಟದಲ್ಲಿ ಬಸ್ಸು ಕೆಟ್ಟರೆ ಆಟ ಇಲ್ಲ. ಆಗ ಎಲ್ಲರೂ ಬಾಗಿಲಲ್ಲೇ ನಿಂತು ಊರ ಸುದ್ದಿ ಮಾತಾಡಿ ವಾಪಸ್ಸು ಬರುತ್ತಿದ್ದೆವು. ಟಿಕೆಟ್ ಮುಂದಿನ ವಾರಕ್ಕೆ ಅಂತ ಜೇಬಿನಲ್ಲೇ ಇರುತ್ತಿತ್ತು.

ಆ ಟಾಕೀಸಿಗೆ ಈಗ ಬೀಗ. 2020ರ ಮಾರ್ಚ್‌ನಲ್ಲಿ ಎಲ್ಲರಂತೆ ಮುಚ್ಚಿತು. ನವೆಂಬರ್ 5ಕ್ಕೆ ಅರ್ಧ ಸೀಟಿಗೆ ಅನುಮತಿ ಸಿಕ್ಕಾಗ ತೆರೆಯಿತು. 2021ರ ಏಪ್ರಿಲ್‌ನಲ್ಲಿ ಮತ್ತೆ ಮುಚ್ಚಿತು. ಅಕ್ಟೋಬರ್ 22ಕ್ಕೆ ನೀವು ಮತ್ತೆ ಅವಕಾಶ ಕೊಟ್ಟಾಗ ಅದು ತೆರೆಯಲೇ ಇಲ್ಲ. ಅಲ್ಲಿನ ಗೇಟ್‌ಕೀಪರ್ ಈಗ ಒಂದು ಸೊಸೈಟಿಯಲ್ಲಿ ವಾಚ್‌ಮನ್. ‘ಇಲ್ಲೂ ಗೇಟೇ’ ಎಂದು ನಗುತ್ತಾರೆ.

ಎಲ್ಲವನ್ನೂ ಕೊರೊನಾದ ತಲೆಗೆ ಕಟ್ಟುವುದೂ ಸರಿಯಲ್ಲ. ದಾದರ್‌ನ ಚಿತ್ರಾ ಟಾಕೀಸು ಮುಚ್ಚಿದ್ದು 2019ರಲ್ಲಿ, ಅಂದರೆ ರೋಗ ಬರುವ ಮೊದಲೇ. ಹಾಗೆ ನೋಡಿದರೆ ಈ ಊರಿಗೆ ಸಿನಿಮಾ ಮತ್ತು ಪ್ಲೇಗ್ ಒಂದೇ ವರ್ಷ ಬಂದವು. 1896ರ ಜುಲೈ 7ಕ್ಕೆ ವಾಟ್ಸನ್ ಹೋಟೆಲಿನಲ್ಲಿ ಮೊದಲ ಪ್ರದರ್ಶನ. ಸೆಪ್ಟೆಂಬರ್‌ನಲ್ಲಿ ಮಾಂಡವಿಯಲ್ಲಿ ಪ್ಲೇಗ್. ಸಿನಿಮಾ ಉಳಿಯಿತಲ್ಲ.

ಜನ ಬರುವುದಿಲ್ಲ ಎನ್ನುತ್ತಾರೆ. ಎಲ್ಲಿಗೆ ಬರಬೇಕು? ಕಳೆದ ವರ್ಷ ಮನೆಯ ನಾಲ್ಕು ಜನ ಒಂದು ಮಲ್ಟಿಪ್ಲೆಕ್ಸಿಗೆ ಹೋದೆವು. ಟಿಕೆಟ್, ಪಾಪ್‌ಕಾರ್ನ್ ಎಲ್ಲ ಸೇರಿ ಎರಡು ಸಾವಿರ ದಾಟಿತು. ಹೋಟೆಲಿನಲ್ಲಿ ದುಡಿಯುವ ಹುಡುಗ ಸುಮ್ನೆ ನಾಲ್ಕು ವಾರ ಕಾಯುತ್ತಾನೆ, ಫೋನಿಗೇ ಬರುತ್ತದೆ ಅಲ್ವಾ. 2022ರಲ್ಲಿ ‘ಕಾಂತಾರ’ ಕನ್ನಡದಲ್ಲಿ ಸೆಪ್ಟೆಂಬರ್ 30ಕ್ಕೆ ಬಂತು, ಹಿಂದಿಯಲ್ಲಿ ಅಕ್ಟೋಬರ್ 14ಕ್ಕೆ. ನಮ್ಮ ಹುಡುಗರ ಬಿಡುವಿಗೆ ಹೊಂದಿದ್ದು ಹಿಂದಿಯ ಆಟ. ಕರಾವಳಿಯ ಮಕ್ಕಳು ತಮ್ಮೂರಿನ ಕೋಲದ ಕಥೆಯನ್ನು ಹಿಂದಿಯಲ್ಲಿ ನೋಡಿಕೊಂಡು ಬಂದರು. ಅದು ನನಗೆ ಇವತ್ತಿಗೂ ಕಸಿವಿಸಿ.

ಈಗ ವಿಷಯಕ್ಕೆ ಬರುತ್ತೇನೆ. ಟಾಕೀಸು ಕೆಡವಿ ಹೊಸದಾಗಿ ಕಟ್ಟುವಾಗ ಅಲ್ಲಿ ಮತ್ತೆ ಚಿತ್ರಮಂದಿರಕ್ಕೆ ಜಾಗ ಇರಬೇಕು ಎಂಬ ನಿಯಮ ಇದೆ. ಅದನ್ನು ತೆಗೆಯಿರಿ ಎಂದು ಮಾಲೀಕರು ವರ್ಷಗಳಿಂದ ಕೇಳುತ್ತಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಸಾವಿರ ಸೀಟಿನ ಹಾಲ್‌ನಲ್ಲಿ ಮೂವತ್ತು ಜನ ಕೂತರೆ ಕರೆಂಟ್ ಬಿಲ್ಲಿಗೂ ಹುಟ್ಟುವುದಿಲ್ಲ. ಆದರೆ ನಿಯಮ ಪೂರ್ತಿ ತೆಗೆದರೆ ಆ ಜಾಗದಲ್ಲಿ ಫ್ಲ್ಯಾಟು, ಅಂಗಡಿ ಬಿಟ್ಟು ಬೇರೇನೂ ಏಳುವುದಿಲ್ಲ. ಚರ್ಚ್‌ಗೇಟಿನ ಇರೋಸ್ ಟಾಕೀಸು 2024ರಲ್ಲಿ ಐಮ್ಯಾಕ್ಸ್ ಎಂಬ ಭಾರೀ ಪರದೆ ಹಾಕಿಕೊಂಡು ಮತ್ತೆ ತೆರೆಯಿತು, ಸಂತೋಷ. ಪರೇಲ್, ಲಾಲ್‌ಬಾಗಿನ ಟಾಕೀಸಿಗೆ ಐಮ್ಯಾಕ್ಸ್ ಯಾರು ಹಾಕುತ್ತಾರೆ?

ನಿಯಮ ಇರಲಿ, ಅಳತೆ ಚಿಕ್ಕದಾಗಲಿ. ನೂರೋ ನೂರೈವತ್ತೋ ಸೀಟು ಸಾಕು. ಬದಲಿಗೆ ಒಂದು ಷರತ್ತು ಹಾಕಿ: ಭಾನುವಾರ ಬೆಳಗಿನ ಆಟವನ್ನು ಕಡಿಮೆ ಬಾಡಿಗೆಗೆ ಯಾವ ಭಾಷೆಯ ಸಂಘ ಕೇಳಿದರೂ ಕೊಡಬೇಕು. ಕನ್ನಡ, ತುಳು, ಕೊಂಕಣಿ, ಮಲಯಾಳ, ಯಾರಾದರೂ ಸರಿ. ಟಿಕೆಟ್ ನೂರು ರೂಪಾಯಿ ದಾಟಬಾರದು. 2025ರ ಸೆಪ್ಟೆಂಬರ್ 22ರಿಂದ ನೂರರವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಅದಕ್ಕಿಂತ ಜಾಸ್ತಿಯಾದರೆ ಶೇ 18. ಕೇಂದ್ರ ಕೊಟ್ಟ ರಿಯಾಯಿತಿ ಹೀಗಾದರೂ ಬಳಕೆಗೆ ಬರಲಿ. ಎಲ್ಲ ಟಿಕೆಟ್ಟಿಗೂ ಮಿತಿ ಹಾಕಿ ಎನ್ನುತ್ತಿಲ್ಲ. ಕರ್ನಾಟಕ ಅದೇ ತಿಂಗಳು 200 ರೂಪಾಯಿ ಮಿತಿ ಹಾಕಿತು, ಹೈಕೋರ್ಟ್ ತಡೆ ಕೊಟ್ಟಿತು.

2015ರಲ್ಲಿ ಮಲ್ಟಿಪ್ಲೆಕ್ಸುಗಳಲ್ಲಿ ಮರಾಠಿಗೆ ಪ್ರೈಮ್ ಟೈಮ್ ಬೇಕು ಎಂದು ನಿಮ್ಮ ಸರ್ಕಾರ ಹೇಳಿದಾಗ ನಾವೂ ಸರಿ ಎಂದೆವು. ನಮಗೆ ಪ್ರೈಮ್ ಟೈಮ್ ಬೇಡ, ಬೆಳಗಿನ ಒಂಬತ್ತು ಗಂಟೆ ಸಾಕು.

ಕಟ್ಟಡದ ನಿಯಮ ನಗರಾಭಿವೃದ್ಧಿ ಖಾತೆಯದ್ದು, ನಿಮ್ಮದಲ್ಲ ಎಂದು ಬಲ್ಲೆ. ಆದರೆ ಅಲ್ಲಿ ಸಿನಿಮಾದ ಪರವಾಗಿ ಮಾತಾಡಬೇಕಾದವರು ನೀವೇ. ಆ ನಿಯಮ ಮುಟ್ಟುವ ಮೊದಲು ಮಾಲೀಕರ ಜೊತೆ ನಮ್ಮಂಥ ನೋಡುಗರನ್ನೂ ಕರೆಯಿರಿ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ ಇದ್ದಾವೆ, ಅವರನ್ನೂ ಕೇಳಿ. ಸಭೆ ಮಧ್ಯಾಹ್ನ ಮೂರರಿಂದ ಐದರ ಒಳಗೆ ಇಟ್ಟರೆ ಒಳ್ಳೆಯದು. ಹೋಟೆಲಿನವರಿಗೆ ಬಿಡುವಿರುವುದು ಆಗಲೇ.

ಇತಿ,
ಭಾಂಡುಪ್‌ನ ಒಬ್ಬ ಪ್ರೇಕ್ಷಕ