ಸೈರನ್ ಆದಾಗ ಬಾಲ್ಕನಿಗೆ ಹೋಗಬೇಡ

ಪ್ರೀತಿಯ ಮಗಳೇ,

ಆಶೀರ್ವಾದಗಳು. ಟೆಲ್ ಅವೀವ್‌ನಿಂದ ನೀನು ಕಳಿಸಿದ, ಸೈರನ್ ಆದಾಗಿನ ಆಕಾಶದ ವಿಡಿಯೊ ನೋಡಿದೆ. ಬಾಲ್ಕನಿಯಲ್ಲಿ ನಿಂತು ತೆಗೆದಿದ್ದು ಅಂತ ಗೊತ್ತಾದ ಮೇಲೆ ನನಗೆ ನಿದ್ದೆ ಬರಲಿಲ್ಲ.

"ರಾಕೆಟ್ ಹೊಡೆದುರುಳಿಸುವ ಐರನ್ ಡೋಮ್ ಇದೆ ಮಾವ, ಏನೂ ಆಗಲ್ಲ" ಅಂದೆ. 1991ರ ಕೊಲ್ಲಿ ಯುದ್ಧದಲ್ಲಿ ನಾನು ಸೌದಿಯ ದಮ್ಮಾಮ್‌ನಲ್ಲಿದ್ದಾಗ ನಮ್ಮ ಕ್ಯಾಂಪಿನಲ್ಲಿ ಎಲ್ಲರ ಬಾಯಲ್ಲೂ ಕ್ಷಿಪಣಿ ತಡೆಯುವ ಅಮೆರಿಕದ ಪೇಟ್ರಿಯಟ್ ಬಗ್ಗೆ ಇದೇ ಮಾತು. ಸೈರನ್ ಆದರೆ ಕೆಲವರು ನೋಡಲಿಕ್ಕೆಂದೇ ಟೆರೇಸಿಗೆ ಓಡುತ್ತಿದ್ದರು. ಫೆಬ್ರವರಿ 25ರ ರಾತ್ರಿ ಪಕ್ಕದ ಧಹ್ರಾನ್‌ನಲ್ಲಿ ಅಮೆರಿಕದ ಸೈನಿಕರು ತಂಗಿದ್ದ ಗೋದಾಮಿನ ಮೇಲೆ ಇರಾಕಿನ ಸ್ಕಡ್ ಕ್ಷಿಪಣಿ ಬಿತ್ತು. 28 ಮಂದಿ ಸತ್ತರು. ಪೇಟ್ರಿಯಟ್ ಹಾರಲೇ ಇಲ್ಲ. ಅದರ ಕಂಪ್ಯೂಟರನ್ನು 100 ಗಂಟೆಗೂ ಹೆಚ್ಚು ಹೊತ್ತು ಆರಿಸದೆ ಓಡಿಸಿದ್ದರಂತೆ. ಅದರಿಂದ ಒಳಗಿನ ಗಡಿಯಾರ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಪ್ಪಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ದೂರ ಹೋಗಿರುತ್ತದೆ. ಯಂತ್ರ ಹುಡುಕಿದ ಕಡೆ ಅದು ಇರಲೇ ಇಲ್ಲ. ಸರಿ ಮಾಡಿದ ಪ್ರೋಗ್ರಾಂ ಅಲ್ಲಿಗೆ ಬಂದಿದ್ದು ಮರುದಿನ.

ಐರನ್ ಡೋಮ್ ಒಳ್ಳೆಯದೇ, ಬಹಳ ಜೀವ ಉಳಿಸಿದೆ. ಆದರೆ ಅದು ಇರುವುದು ಹತ್ತಿರದಿಂದ ಬರುವ ರಾಕೆಟ್ಟಿಗೆ. ಇರಾನಿನ ದೊಡ್ಡ ಕ್ಷಿಪಣಿ ತಡೆಯಲು ಆ್ಯರೋ ಎಂಬ ಬೇರೆ ವ್ಯವಸ್ಥೆ ಇದೆ. ಅದನ್ನೂ ದಾಟಿ 2025ರ ಜೂನ್‌ನಲ್ಲಿ ನಿಮ್ಮ ಪಕ್ಕದ ಬಾತ್ ಯಾಮ್‌ನಲ್ಲಿ ಜನ ಮಲಗಿದ್ದ ಕಟ್ಟಡಕ್ಕೇ ಒಂದು ಕ್ಷಿಪಣಿ ಬಡಿಯಿತು. ಹೊಡೆದುರುಳಿಸಿದ್ದೂ ಕೆಳಗೆ ಬೀಳಲೇಬೇಕಲ್ವಾ? 2024ರ ಏಪ್ರಿಲ್‌ನಲ್ಲಿ ಅಂಥದ್ದೇ ಚೂರು ಬಿದ್ದು ದಕ್ಷಿಣದ ನೆಗೆವ್ ಮರುಭೂಮಿಯಲ್ಲಿ ಏಳು ವರ್ಷದ ಬೆದುಯಿನ್ ಅರಬ್ ಹುಡುಗಿ ತೀವ್ರವಾಗಿ ಗಾಯಗೊಂಡಳು. ಆ ಊರುಗಳಲ್ಲಿ ಹೆಚ್ಚಿನವರಿಗೆ ಬಂಕರ್ ಇಲ್ಲ. ಗಾಜಾದ ಜನರಿಗಂತೂ ಸೈರನ್ನೂ ಇಲ್ಲ. ನಿನಗೆ ಇವೆಲ್ಲ ಇವೆ. ಇರುವುದನ್ನು ಸರಿಯಾಗಿ ಬಳಸು.

ನೀನು ನೋಡಿಕೊಳ್ಳುವ ಅಜ್ಜಿಗೆ ನಡೆಯಲು ಆಗುವುದಿಲ್ಲ ಅಂದೆ. ರಾಕೆಟ್ ಬಂದರೆ ನಿಮಗೆ ಸಿಗುವುದು 90 ಸೆಕೆಂಡು. ರಾತ್ರಿ ಗಾಲಿಕುರ್ಚಿಯನ್ನು ಹಾಸಿಗೆಗೆ ಒತ್ತಿ, ಬಾಗಿಲ ಕಡೆ ಮುಖ ಮಾಡಿ ನಿಲ್ಲಿಸು. ಬ್ರೇಕ್ ಹಾಕಿರು, ಇಲ್ಲದಿದ್ದರೆ ಕೂರಿಸುವಾಗ ಜಾರುತ್ತದೆ. ರಕ್ಷಣೆಗೆಂದು ಕಟ್ಟಿದ ಕಾಂಕ್ರೀಟ್ ಕೋಣೆಯ ದಾರಿಯಲ್ಲಿ ಚಾಪೆ, ಸ್ಟೂಲು ಏನೂ ಬೇಡ. ಅವರ ಮಾತ್ರೆ, ನೀರು ಮೊದಲೇ ಒಳಗಿರಲಿ. ಚಪ್ಪಲಿ ನಿನ್ನ ಕಾಲ ಹತ್ತಿರವೇ ಇರಲಿ, ಗಾಜು ಒಡೆದಿರುತ್ತದೆ. ಹಗಲು ಒಮ್ಮೆ ಅಜ್ಜಿಯ ಜೊತೆ ಸುಮ್ನೆ ಅಭ್ಯಾಸ ಮಾಡಿ ನೋಡು. ಹೊರಗೆ ಬರಬಹುದು ಅಂತ ಅಲ್ಲಿನ ಅಧಿಕಾರಿಗಳು ತಿಳಿಸುವವರೆಗೂ ಆ ಕೋಣೆಯ ಕಬ್ಬಿಣದ ಬಾಗಿಲು ತೆಗೆಯಬೇಡ.

ಹೊರಗೆ ಬಂದ ಮೇಲೆ ಒಂದು ಮೆಸೇಜ್ ಹಾಕು. ಮೊದಲು ನಿನ್ನ ಅಮ್ಮನಿಗೆ, ಆಮೇಲೆ ನನಗೆ.

ಇಂತಿ,
ನಿನ್ನ ಮಾವ