ಮ್ಯಾಚ್ ಮುಗಿದ ಮೇಲೆ ರೂಮಿಗೆ ಹೇಗೆ ಬರ್ತೀಯ?

ಪ್ರೀತಿಯ ಪುಟ್ಟಿ,

ಟಿಕೆಟ್ ಸಿಕ್ಕಿತು ಅಂತ ನೀನು ಫೋನಿನಲ್ಲಿ ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲೇ ಇದೆ. ಜೂನ್ 24ಕ್ಕೆ ಮೆಕ್ಸಿಕೋ ಸಿಟಿ, 30ಕ್ಕೆ ನ್ಯೂಜೆರ್ಸಿ, ಜುಲೈ 4ಕ್ಕೆ ಫಿಲಡೆಲ್ಫಿಯಾ. 2026ರ ಫುಟ್‌ಬಾಲ್ ವಿಶ್ವಕಪ್ಪಿನ ಮೂರು ಮ್ಯಾಚ್! ನನಗೆ ನಿನಗಿಂತ ಜಾಸ್ತಿ ಖುಷಿಯಾಗಿದೆ ಕಣೇ.

ನೀನು ಕಳಿಸಿದ ಪಟ್ಟಿಯನ್ನು ನಿನ್ನೆ ರಾತ್ರಿ ಕೂತು ಓದಿದೆ. ಯಾವ ವಿಮಾನ, ಯಾವ ಹೋಟೆಲ್, ಸ್ಟೇಡಿಯಂಗೆ ಎಷ್ಟು ಗಂಟೆಗೆ ಹೊರಡುವುದು, ಎಲ್ಲ ಚೆನ್ನಾಗಿ ಬರೆದಿದ್ದೀಯ. ಒಂದು ಮಾತ್ರ ಎಲ್ಲೂ ಕಾಣಲಿಲ್ಲ. ಮ್ಯಾಚ್ ಮುಗಿದ ಮೇಲೆ ರೂಮಿಗೆ ವಾಪಸ್ ಬರುವುದು ಹೇಗೆ? ಹೋಗುವಾಗ ಜನ ಮೂರು ನಾಲ್ಕು ಗಂಟೆ ಮುಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಬರುತ್ತಾರೆ. ವಾಪಸ್ ಬರುವಾಗ ಎಲ್ಲರೂ ಒಂದೇ ಹೊತ್ತಿಗೆ ಎದ್ದು ಹೊರಡುತ್ತಾರೆ. ಕಷ್ಟ ಇರುವುದೆಲ್ಲ ಅಲ್ಲೇ. ಅದಕ್ಕೇ ಈ ಪತ್ರ.

2022ರಲ್ಲಿ ನಾನೂ ನಿಮ್ಮಪ್ಪನೂ ಕತಾರ್‌ಗೆ ಹೋಗಿದ್ದೆವಲ್ಲ, ಆ ಕಥೆಯನ್ನು ನಿನಗೆ ಅರ್ಧ ಮಾತ್ರ ಹೇಳಿದ್ದೇವೆ. ನವೆಂಬರ್ 27, ಅಲ್ ಬೈತ್ ಸ್ಟೇಡಿಯಂ, ಸ್ಪೇನ್ ಮತ್ತು ಜರ್ಮನಿ. ರಾತ್ರಿ ಹತ್ತಕ್ಕೆ ಶುರುವಾಗಿದ್ದು. 83ನೇ ನಿಮಿಷದಲ್ಲಿ ಜರ್ಮನಿಯ ಫುಲ್‌ಕ್ರುಗ್ ಗೋಲು ಹೊಡೆದು 1-1 ಮಾಡಿದಾಗ ಹಿಂದಿನ ಸಾಲಿನ ಅಜ್ಜ ಒಬ್ಬರು ನನ್ನ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು, ಅದನ್ನೆಲ್ಲ ಹೇಳಿದ್ದೇನೆ. ಹೇಳದೇ ಉಳಿದದ್ದು ಆಮೇಲಿನದು. ಆ ಸ್ಟೇಡಿಯಂ ದೋಹಾದಿಂದ ಸುಮಾರು 35 ಕಿ.ಮೀ. ದೂರ, ಮೆಟ್ರೋ ಅಲ್ಲಿವರೆಗೆ ಹೋಗುತ್ತಿರಲಿಲ್ಲ, ಬಸ್ಸು ಹಿಡಿದು ಮೆಟ್ರೋ ನಿಲ್ದಾಣಕ್ಕೆ ಬರಬೇಕಿತ್ತು. ಗೇಟ್ ದಾಟಿದ ಮೇಲೆ ಶೂ ಲೇಸ್ ಕಟ್ಟಿಕೊಳ್ಳಲು ನಾನು ಬಗ್ಗಿದೆ. ಅಷ್ಟೇ. ಎದ್ದು ನೋಡಿದರೆ ನಿಮ್ಮಪ್ಪ ಇಲ್ಲ. ಸುತ್ತ ಬರೀ ಬೆನ್ನುಗಳು. ಫೋನ್ ತೆಗೆದೆ, ಶೇಕಡಾ 3 ಚಾರ್ಜ್ ಇತ್ತು, ಒಂದು ಸಲ ರಿಂಗ್ ಆಗಿ ಆಫ್ ಆಯಿತು. ಹೋಟೆಲ್ ಹೆಸರು, ವಿಳಾಸ, ನಿಮ್ಮಪ್ಪನ ಅಲ್ಲಿನ ಸಿಮ್ ನಂಬರ್, ಎಲ್ಲ ಅದರೊಳಗೇ ಇದ್ದವು.

ಎತ್ತರದ ಕುರ್ಚಿಯ ಮೇಲೆ ಕೂತು, ದೊಡ್ಡದೊಂದು ಸ್ಪಂಜಿನ ಕೈ ತೋರಿಸುತ್ತಾ, ಮೈಕಿನಲ್ಲಿ ದಾರಿ ಹೇಳುತ್ತಿದ್ದ ಸ್ವಯಂಸೇವಕ ಹುಡುಗ ಒಬ್ಬ ಕಂಡ. ಆ ಕುರ್ಚಿಯ ಕಾಲು ಹಿಡಿದು ನಿಂತವಳು ಕದಲಲಿಲ್ಲ. ಐವತ್ತು ನಿಮಿಷ. ನಿಮ್ಮಪ್ಪ ಬಸ್ಸಿನ ಸಾಲಿನವರೆಗೂ ಹೋಗಿ, ನಾನಿಲ್ಲ ಅಂತ ಗೊತ್ತಾಗಿ, ಬರುವ ಜನರ ಎದುರೇ ನುಗ್ಗಿಕೊಂಡು ಹಿಂದಕ್ಕೆ ಬಂದರು. ಬಂದವರು ಬೈಯಲಿಲ್ಲ, ಏನೂ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡರು, ರೂಮಿನ ಬಾಗಿಲು ತೆಗೆಯುವವರೆಗೂ ಬಿಡಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ ಪುಟ್ಟಿ. ಸೀಟಿನಲ್ಲಿ ಕೂರುವ ಮೊದಲೇ ನೀನೂ ನಿನ್ನ ಗೆಳತಿಯೂ ಒಂದು ಜಾಗ ಗೊತ್ತು ಮಾಡಿಕೊಳ್ಳಿ. "ಗೇಟಿನ ಹತ್ತಿರ" ಅಂದರೆ ಸಾಲದು, ಗೇಟಿನ ಹತ್ತಿರ ಸಾವಿರಾರು ಜನ ಇರುತ್ತಾರೆ. ಗೇಟ್ ನಂಬರ್ ಇಂಥದ್ದು, ಅದರ ಎಡಗಡೆಯ ಕಂಬ, ಈ ಥರ ಇರಬೇಕು. ಅದರ ಫೋಟೋ ಇಬ್ಬರೂ ತೆಗೆದುಕೊಳ್ಳಿ. ತಪ್ಪಿಸಿಕೊಂಡರೆ ಇಬ್ಬರೂ ಹುಡುಕುತ್ತಾ ಅಲೆಯಬೇಡಿ, ಇಬ್ಬರೂ ಅಲ್ಲಿಗೇ ಬನ್ನಿ. ಹೋಟೆಲ್ ಹೆಸರು, ವಿಳಾಸ, ಇಬ್ಬರ ನಂಬರ್, ನಮ್ಮ ನಂಬರ್ ಒಂದು ಕಾಗದದಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಪರ್ಸಿನಲ್ಲಿ ಬೇಡ, ಪರ್ಸೇ ಹೋದರೆ? ಟಿಕೆಟ್ ಈಗ ಫೋನಿನಲ್ಲೇ ಇರುವುದರಿಂದ ಚಾರ್ಜ್ ವಿಷಯದಲ್ಲಿ ಜಿಪುಣಿಯಾಗು. ಪವರ್ ಬ್ಯಾಂಕ್ ಒಳಗೆ ಬಿಡುತ್ತಾರಾ ಅಂತ ಆಯಾ ಸ್ಟೇಡಿಯಂನ ನಿಯಮದಲ್ಲಿ ನೋಡಿಕೋ. ವಿಡಿಯೋ ಎಷ್ಟು ಬೇಕಾದರೂ ತೆಗಿ, ಆದರೆ ಶೇಕಡಾ 30ಕ್ಕೆ ಬಂದ ಕೂಡಲೇ ನಿಲ್ಲಿಸು. ಆ 30 ವಾಪಸ್ ಬರುವ ದಾರಿಗೆ.

ಇನ್ನು ನಿನ್ನ ಮೂರು ಊರುಗಳ ಮಾತು. ಕಷ್ಟದ್ದು ನ್ಯೂಜೆರ್ಸಿ, ಅದನ್ನೇ ಮೊದಲು ಹೇಳುತ್ತೇನೆ. ಟಿಕೆಟ್‌ನಲ್ಲಿ ನ್ಯೂಯಾರ್ಕ್ ನ್ಯೂಜೆರ್ಸಿ ಸ್ಟೇಡಿಯಂ ಅಂತ ಇರುತ್ತದೆ. ಅಲ್ಲಿನವರು ಅದನ್ನು ಮೆಟ್‌ಲೈಫ್ ಅಂತಲೇ ಕರೆಯುವುದು. ವಿಶ್ವಕಪ್ ನಡೆಸುವ ಫಿಫಾ ಜಾಹೀರಾತಿನ ಹೆಸರುಗಳನ್ನೆಲ್ಲ ತೆಗೆದು ಊರಿನ ಹೆಸರು ಹಾಕಿದೆ. ದಾರಿ ಕೇಳುವಾಗ ಹಳೆಯ ಹೆಸರು ಹೇಳು. ಇದು ಸಣ್ಣ ವಿಷಯ ಅಲ್ಲ, ಬಾಸ್ಟನ್ ಸ್ಟೇಡಿಯಂ ಅಂತ ಹೆಸರಿಟ್ಟಿರುವುದು ಬಾಸ್ಟನ್‌ನಲ್ಲೇ ಇಲ್ಲ, ಫಾಕ್ಸ್‌ಬರೋ ಅನ್ನುವ ದೂರದ ಊರಿನಲ್ಲಿದೆ. ಡಲ್ಲಾಸ್‌ನದು ಆರ್ಲಿಂಗ್ಟನ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ್ದು ಸಾಂಟಾ ಕ್ಲಾರಾದಲ್ಲಿ. ಹೆಸರು ನೋಡಿ ರೂಮು ಮಾಡಿದವರು ಮ್ಯಾಚ್ ದಿನ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ನಿನ್ನ ರೂಮು ಮ್ಯಾನ್‌ಹಟನ್‌ನಲ್ಲಿ, ಸ್ಟೇಡಿಯಂ ಹಡ್ಸನ್ ನದಿಯಾಚೆ ಈಸ್ಟ್ ರುದರ್‌ಫೋರ್ಡ್‌ನಲ್ಲಿ. ಪೆನ್ ಸ್ಟೇಷನ್‌ನಿಂದ ರೈಲು, ಸಿಕಾಕಸ್‌ನಲ್ಲಿ ಬದಲಿಸಿ ಸ್ಟೇಡಿಯಂ ಪಕ್ಕದ ಮೆಡೋಲ್ಯಾಂಡ್ಸ್ ನಿಲ್ದಾಣ. ದಾರಿಯೇನೋ ಸುಲಭ. ಆದರೆ ಇದನ್ನು ಕೇಳು: 2014ರ ಫೆಬ್ರವರಿಯಲ್ಲಿ ಇದೇ ಸ್ಟೇಡಿಯಂನಲ್ಲಿ ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲಿನ ಫೈನಲ್) ನಡೆದಾಗ, ಅಂದುಕೊಂಡದ್ದಕ್ಕಿಂತ ಎಷ್ಟೋ ಜಾಸ್ತಿ ಜನ ರೈಲಿಗೇ ಬಂದರು. ಆಟ ಮುಗಿದ ಮೇಲೆ ನಿಲ್ದಾಣದ ಹೊರಗೆ ಜನ ಗಂಟೆಗಟ್ಟಲೆ ನಿಂತರು. ದಯವಿಟ್ಟು ಇನ್ನೂ ಸ್ವಲ್ಪ ಹೊತ್ತು ಒಳಗೇ ಇರಿ ಅಂತ ಸ್ಟೇಡಿಯಂನಲ್ಲಿ ಅನೌನ್ಸ್ ಮಾಡಬೇಕಾಯಿತು.

ಜೂನ್ 30ರದು ನಾಕೌಟ್ ಮ್ಯಾಚ್ ಅನ್ನುವುದನ್ನೂ ಮರೆಯಬೇಡ. ಈ ಸಲ 48 ತಂಡ ಇರುವುದರಿಂದ 32 ತಂಡಗಳ ಸುತ್ತು ಅಂತ ಹೊಸದಾಗಿ ಸೇರಿದೆ. ಸಮ ಆದರೆ ಇನ್ನೂ 30 ನಿಮಿಷ, ಆಮೇಲೆ ಪೆನಾಲ್ಟಿ. ಅಂದರೆ ಹತ್ತಿರ ಹತ್ತಿರ ಒಂದು ಗಂಟೆ ಮುಂದಕ್ಕೆ ಹೋಗಬಹುದು. ಕೊನೆಯ ರೈಲು ಎಷ್ಟು ಹೊತ್ತಿಗೆ ಅಂತ ನೋಡುವಾಗ ಆ ಒಂದು ಗಂಟೆಯನ್ನೂ ಸೇರಿಸಿ ನೋಡು. ಹೋಗಿಬರುವ ಟಿಕೆಟ್ ಮುಂಚೆಯೇ ತೆಗೆದಿಡು. ಆ ರಾತ್ರಿಗೆ ವಿಮಾನ ಬುಕ್ ಮಾಡಲೇಬೇಡ. ಮುಗಿದ ತಕ್ಷಣ ಓಡುವ ಬದಲು ಮುಕ್ಕಾಲು ಗಂಟೆ ಸೀಟಿನಲ್ಲೇ ಕೂತಿರಿ, ನೀರು ಕುಡಿಯಿರಿ, ಆಟಗಾರರು ಮೈದಾನದಲ್ಲಿ ಸುತ್ತು ಬರುವುದನ್ನು ನೋಡಿ. ಅದನ್ನು ನೋಡಲು ಪುಣ್ಯ ಬೇಕು.

ಫಿಲಡೆಲ್ಫಿಯಾ ಬಗ್ಗೆ ನನಗೆ ಚಿಂತೆ ಇಲ್ಲ. ನ್ಯೂಯಾರ್ಕ್‌ನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಊರೊಳಗೆ ಬ್ರಾಡ್ ಸ್ಟ್ರೀಟ್ ಸಬ್‌ವೇ ಹಿಡಿದು ದಕ್ಷಿಣಕ್ಕೆ ಹೋದರೆ ಕೊನೆಯ ಸ್ಟಾಪೇ ಸ್ಟೇಡಿಯಂ. ಒಂದೇ ತೊಂದರೆ, ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ, ಅದರಲ್ಲೂ ಈ ವರ್ಷ 250 ತುಂಬುತ್ತದೆ, ಸ್ವಾತಂತ್ರ್ಯ ಘೋಷಣೆ ಮಾಡಿದ್ದೂ ಅದೇ ಊರಿನಲ್ಲಿ. ಊರೆಲ್ಲ ಜನವೋ ಜನ. ರೂಮು ಇನ್ನೂ ಮಾಡಿಲ್ಲ ಅಂದೆಯಲ್ಲ, ಈ ಪತ್ರ ಓದಿ ಮುಗಿಸಿದ ಕೂಡಲೇ ಮಾಡು.

ಮೆಕ್ಸಿಕೋ ಸಿಟಿ ಅಂದರೆ ನನಗೆ ಬೇರೆಯೇ ಸಂಭ್ರಮ. ಅಸ್ಟೆಕಾ ಸ್ಟೇಡಿಯಂ ಕಣೇ! 1970ರಲ್ಲಿ ಪೆಲೆ ಕಪ್ ಗೆದ್ದ ಜಾಗ, 1986ರಲ್ಲಿ ಮರಡೋನಾ ಇಂಗ್ಲೆಂಡ್ ಮೇಲೆ ಆ ಎರಡು ಗೋಲು ಹೊಡೆದ ಜಾಗ. ಅಲ್ಲಿ ಕೂತಾಗ ಒಂದು ನಿಮಿಷ ನನ್ನನ್ನು ನೆನೆಸಿಕೋ. ಆ ಊರು ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ತಲೆನೋವು, ರಾತ್ರಿ ನಿದ್ದೆ ಬರದೇ ಇರುವುದು, ಇದೆಲ್ಲ ಮೊದಲೆರಡು ದಿನ ಸಹಜ. ಅದಕ್ಕೇ ಮ್ಯಾಚಿಗೆ ಎರಡು ದಿನ ಮುಂಚೆ ಹೋಗಿ ಸೇರು, ಮೊದಲ ದಿನ ಸುಮ್ನೆ ನಿಧಾನಕ್ಕೆ ಓಡಾಡಿಕೊಂಡಿರು, ನೀರು ಜಾಸ್ತಿ ಕುಡಿ. ನಲ್ಲಿ ನೀರು ಬೇಡ, ಬಾಟಲಿಯದ್ದೇ ಇರಲಿ. ಜೂನ್‌ನಲ್ಲಿ ಅಲ್ಲಿ ಮಳೆಗಾಲ, ಮಧ್ಯಾಹ್ನದ ಮೇಲೆ ಧೋ ಅಂತ ಸುರಿಯುತ್ತದೆ. ಕೊಡೆ ನಂಬಿಕೊಳ್ಳಬೇಡ, ಸ್ಟೇಡಿಯಂ ಬಾಗಿಲಲ್ಲೇ ಇಸಿದುಕೊಂಡಾರು. ಮಡಿಸಿ ಜೇಬಿಗೆ ಹಾಕಿಕೊಳ್ಳುವಂಥ ರೈನ್‌ಕೋಟ್ ತಗೊಂಡು ಹೋಗು.

ಅಲ್ಲಿ ಮೆಟ್ರೋ 2ನೇ ಲೈನ್‌ನಲ್ಲಿ ಟಾಸ್ಕೆನ್ಯಾವರೆಗೆ ಹೋಗಿ, ಅಲ್ಲಿಂದ ಲೈಟ್ ರೈಲು ಹಿಡಿದರೆ ಸ್ಟೇಡಿಯಂ ಸ್ಟಾಪ್. ಮೆಟ್ರೋದಲ್ಲಿ ಮುಂದಿನ ಬೋಗಿಗಳು ಹೆಂಗಸರಿಗೆ, ಮಕ್ಕಳಿಗೆ ಅಂತ ಮೀಸಲು. ನೀವಿಬ್ಬರೂ ಅಲ್ಲೇ ಹತ್ತಿ. ರಾತ್ರಿ ತಡವಾಯಿತು ಅನ್ನಿಸಿದರೆ ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆಸಿ, ಆದರೆ ಗೇಟಿನ ಮುಂದೆ ನಿಂತು ಬುಕ್ ಮಾಡಬೇಡಿ. ಹತ್ತು ಹದಿನೈದು ನಿಮಿಷ ಜನರ ಜೊತೆಗೇ ದೊಡ್ಡ ರಸ್ತೆಯಲ್ಲಿ ನಡೆದು, ಬೆಳಕಿರುವ ಕಡೆ ನಿಂತು ಬುಕ್ ಮಾಡಿ. ಕಾರಿನ ನಂಬರ್ ನೋಡಿ ಹತ್ತಿ. ನಿಮ್ಮ ಹೆಸರನ್ನು ನೀವು ಹೇಳಬೇಡಿ, ಡ್ರೈವರೇ ಹೇಳಲಿ.

ಬ್ಯಾಗಿನ ವಿಷಯ. ಅಮೆರಿಕದ ಈ ದೊಡ್ಡ ಸ್ಟೇಡಿಯಂಗಳಿಗೆ ಒಳಗಿನದು ಕಾಣುವ ಪ್ಲಾಸ್ಟಿಕ್ ಬ್ಯಾಗೇ ಆಗಬೇಕು, 12 ಇಂಚು ಉದ್ದ, 12 ಎತ್ತರ, 6 ಅಗಲ, ಅದಕ್ಕಿಂತ ದೊಡ್ಡದು ಬೇಡ. ನಿನ್ನ ಆ ನೀಲಿ ಬ್ಯಾಕ್‌ಪ್ಯಾಕ್ ರೂಮಿನಲ್ಲೇ ಇರಲಿ. ಬಾಗಿಲವರೆಗೆ ಹೋಗಿ, ಬ್ಯಾಗು ಇಡಲು ಜಾಗ ಹುಡುಕುತ್ತಾ ಮೊದಲ ಗೋಲು ತಪ್ಪಿಸಿಕೊಂಡರೆ ಹೊಟ್ಟೆ ಉರಿಯುತ್ತದೆ. ನ್ಯೂಜೆರ್ಸಿ, ಫಿಲಡೆಲ್ಫಿಯಾ ಎರಡೂ ಕಡೆ ಮೇಲೆ ಚಾವಣಿ ಇಲ್ಲ. ಟೋಪಿ, ಸನ್‌ಸ್ಕ್ರೀನ್ ಬೇಕೇ ಬೇಕು. ಸೆಖೆ ಇರಲಿ ಬಿಡಲಿ, ಈ ಸಲ ಪ್ರತಿ ಅರ್ಧದಲ್ಲೂ ಆಟಗಾರರಿಗೆ ನೀರು ಕುಡಿಯಲು 3 ನಿಮಿಷ ಬಿಡುವು ಇಟ್ಟಿದ್ದಾರೆ. ಅವರು ಕುಡಿಯುವಾಗ ನೀನೂ ಕುಡಿ, ನೆನಪಿರುತ್ತದೆ. ಸಿಡಿಲು ಬಂದರೆ ಆಟ ನಿಲ್ಲಿಸುತ್ತಾರೆ, ಕಡೆಯ ಸಿಡಿಲಿನಿಂದ 30 ನಿಮಿಷ ಎಣಿಸುತ್ತಾರೆ, ಮಧ್ಯೆ ಮತ್ತೊಂದು ಹೊಡೆದರೆ ಮತ್ತೆ ಮೊದಲಿನಿಂದ. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಷಾರ್ಲಟ್‌ನಲ್ಲಿ ನಡೆದ ಚೆಲ್ಸಿ ಬೆನ್ಫಿಕಾ ಮ್ಯಾಚ್ ಹಾಗೆ ನಿಂತು, ಮುಗಿಯುವ ಹೊತ್ತಿಗೆ ನಾಲ್ಕೂವರೆ ಗಂಟೆ ದಾಟಿತ್ತು. ಹೊರಗೆ ಓಡಬೇಡ, ಒಳಗಿನ ಪ್ಯಾಸೇಜಿಗೆ ಹೋಗಿ ನಿಲ್ಲು.

ಕಾಗದಪತ್ರದ್ದು ನಿನಗೇ ಗೊತ್ತಿದೆ, ಎರಡೇ ಮಾತು. ಮ್ಯಾಚ್ ಟಿಕೆಟ್ ಇದೆ ಅಂದ ಮಾತ್ರಕ್ಕೆ ಯಾವ ದೇಶವೂ ಒಳಗೆ ಬಿಡುವುದಿಲ್ಲ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೋಕ್ಕೆ ಬೇರೆ ವೀಸಾ ಬೇಡ, ಅದು ಸರಿ. ಆದರೆ ಅದನ್ನು ನಂಬಿಕೊಂಡು ಟೊರೊಂಟೊಗೂ ಹೋಗಿಬರೋಣ ಅಂತ ಕೊನೆಗಳಿಗೆಯಲ್ಲಿ ಹೊರಡಬೇಡ, ಕೆನಡಾದ್ದು ಬೇರೆ. ಇನ್ನೊಂದು, ಮೆಕ್ಸಿಕೋಕ್ಕೆ ಹೋಗುವಾಗ ಅಮೆರಿಕದಲ್ಲಿ ವಿಮಾನ ಬದಲಿಸುತ್ತೀಯಲ್ಲ, ಬರೀ ಬದಲಿಸುವುದಕ್ಕೂ ಅಲ್ಲಿ ಇಮಿಗ್ರೇಶನ್ ದಾಟಲೇಬೇಕು, ಲಗೇಜ್ ತೆಗೆದುಕೊಂಡು ಮತ್ತೆ ಕೊಡಬೇಕು. ನಡುವೆ ಎರಡು ಗಂಟೆ ಇಟ್ಟಿದ್ದೀಯ. ಸಾಲದು, ನಾಲ್ಕು ಮಾಡು. ಆರೋಗ್ಯ ವಿಮೆ ಮಾಡಿಸದೆ ಮನೆಯಿಂದ ಹೊರಡಬೇಡ, ಅಮೆರಿಕದಲ್ಲಿ ಕಾಲು ಉಳುಕಿದರೂ ಬಿಲ್ ಭಾರಿ ಬರುತ್ತದೆ. ತುರ್ತಿಗೆ ಮೂರೂ ದೇಶದಲ್ಲಿ ಒಂದೇ ನಂಬರ್, 911.

ದುಡ್ಡು ಮೂರು ಕಡೆ ಹಂಚಿ ಇಟ್ಟುಕೋ. ಅಮೆರಿಕದಲ್ಲಿ ಬೆಲೆ ಚೀಟಿಯ ಮೇಲೆ ತೆರಿಗೆ ಸೇರಿರುವುದಿಲ್ಲ, ಹೋಟೆಲಿನಲ್ಲಿ ಕೂತು ತಿಂದರೆ ಶೇಕಡಾ 18ರಿಂದ 20 ಟಿಪ್ಸ್ ಕೊಡುವುದು ಅಲ್ಲಿನ ರೂಢಿ. ಮೆಕ್ಸಿಕೋದಲ್ಲಿ ಬೀದಿ ಅಂಗಡಿಗಳಿಗೆ ಚಿಲ್ಲರೆ ಪೆಸೊ ಬೇಕು. ಕಾರ್ಡ್ ಉಜ್ಜುವಾಗ ಮಷೀನು ನಿನ್ನ ದೇಶದ ಹಣದಲ್ಲಿ ತೋರಿಸಲೇ ಅಂತ ಕೇಳಿದರೆ ಬೇಡ ಅನ್ನು, ಪೆಸೊದಲ್ಲೇ ಕೊಡು, ಇಲ್ಲದಿದ್ದರೆ ಜಾಸ್ತಿ ಕಿತ್ತುಕೊಳ್ಳುತ್ತಾರೆ. ಗಡಿಯಾರದ್ದೂ ಒಂದು ಇದೆ: ಈ ಸಮಯದಲ್ಲಿ ಮೆಕ್ಸಿಕೋ ಸಿಟಿ ನ್ಯೂಯಾರ್ಕ್‌ಗಿಂತ ಎರಡು ಗಂಟೆ ಹಿಂದೆ. ನಿನ್ನ ಪಟ್ಟಿಯಲ್ಲಿ ಒಂದು ಗಂಟೆ ಅಂತ ಹಾಕಿದ್ದೀಯ, ತಿದ್ದಿಕೋ.

ನಿಮ್ಮಪ್ಪ ಪಕ್ಕದಲ್ಲಿ ಕೂತು, ಇಷ್ಟೆಲ್ಲ ಬರೆದರೆ ಮಗು ಹೆದರಿಕೊಳ್ಳುತ್ತದೆ ಅನ್ನುತ್ತಿದ್ದಾರೆ. ನೀನು ಹೆದರುವವಳಲ್ಲ ಅಂತ ನನಗೆ ಗೊತ್ತು. ಮೂರೂ ಮ್ಯಾಚಿಗೆ ವಾಪಸ್ ಬರುವ ದಾರಿ ಯಾವುದು, ಅದು ತಪ್ಪಿದರೆ ಎರಡನೆಯದು ಯಾವುದು, ಬರೆದು ಈ ಭಾನುವಾರದೊಳಗೆ ನನಗೆ ಕಳಿಸು. ಮ್ಯಾಚ್ ದಿನ ಫೋನ್ ಮಾಡಬೇಕಿಲ್ಲ, ಗಲಾಟೆಯಲ್ಲಿ ಏನೂ ಕೇಳಿಸುವುದಿಲ್ಲ. ರೂಮಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ "ಬಂದೆ" ಅಂತ ಒಂದು ಮೆಸೇಜ್ ಹಾಕು. ನಮಗೆ ಎಷ್ಟು ಹೊತ್ತಾಗಿದ್ದರೂ ಸರಿ, ನಾನು ಎದ್ದಿರುತ್ತೇನೆ.

ಪ್ರೀತಿಯಿಂದ,
ಅಮ್ಮ