ಅಪ್ಪನನ್ನು ಅಡ್ಮಿಟ್ ಮಾಡುವ ಮೊದಲು

ಪ್ರೀತಿಯ ಗೆಳೆಯಾ,

ನಿನ್ನೆ ಫೋನಿನಲ್ಲಿ ನೀನು ನಿಮ್ಮಪ್ಪನ ಹರ್ನಿಯಾ ಆಪರೇಷನ್, ಇನ್ಶೂರೆನ್ಸ್, ರಜೆ ಎಲ್ಲದರ ಬಗ್ಗೆ ಹೇಳಿದೆ. ಅವರ ಮರೆವಿನ ಕಾಯಿಲೆಯ ವಿಷಯ ಡಾಕ್ಟರಿಗೆ ಹೇಳಿದ್ದೀಯಾ ಅಂತ ನಾನು ಕೇಳಿದರೆ, "ಹರ್ನಿಯಾಗೂ ಅದಕ್ಕೂ ಏನೋ ಸಂಬಂಧ?" ಅಂದೆ. ನಾನು ಬಸ್ಸಿನಲ್ಲಿ ನಿಂತಿದ್ದೆ, ಮಾತು ಬೆಳೆಸಲಿಲ್ಲ. ಅದಕ್ಕೇ ಈ ಪತ್ರ. ನಿನ್ನ ಹಾಗೆ ಕೇಳುವವರು ಇನ್ನೂ ಇರುತ್ತಾರೆ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೈಬೇಡ.

ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದು ನಿನಗೆ ಗೊತ್ತು. ಆಗ ಅವಳಿಗೆ ಮರೆವು ಶುರುವಾಗಿ ಮೂರು ವರ್ಷ. ಮನೆಯಲ್ಲಿ ಹೇಗೋ ನಡೆಯುತ್ತಿತ್ತು. ಕಾಫಿ ಲೋಟ ಎಲ್ಲಿದೆ, ದೇವರ ಮನೆ ಯಾವ ಕಡೆ, ಇವೆಲ್ಲ ಅವಳ ಕಾಲಿಗೇ ಗೊತ್ತಿತ್ತು. ಆಸ್ಪತ್ರೆಯಲ್ಲಿ ಅದು ಒಂದೇ ಏಟಿಗೆ ಹೋಯಿತು. ಸೀರೆ ಬಿಚ್ಚಿ ಹಸಿರು ಗೌನು ಹಾಕಿದರು. ಬಳೆ ತೆಗೆದರು. ಕನ್ನಡಕ ನನ್ನ ಕೈಗೆ ಕೊಟ್ಟರು. ನಾನೂ ದಡ್ಡ, ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ.

ಮೊದಲ ದಿನ ಅವಳಿಗೆ ಅದು ಮದುವೆ ಛತ್ರ. ಅಷ್ಟೊಂದು ಜನ, ಸಾಲಾಗಿ ಹಾಸಿಗೆ, ಟ್ರಾಲಿಯಲ್ಲಿ ಊಟ. ಬಿಪಿ ನೋಡಲು ಬಂದ ಸಿಸ್ಟರನ್ನು "ನಿಂದು ಊಟ ಆಯ್ತೇನಮ್ಮಾ? ಬೀಗರಿಗೆ ಬಡಿಸಿದ್ರಾ?" ಅಂತ ವಿಚಾರಿಸಿದಳು. ಆ ಹುಡುಗಿ ನಕ್ಕು "ಆಯ್ತಜ್ಜಿ, ಎಲ್ಲಾರದ್ದೂ ಆಯ್ತು" ಅಂದಳು. ಇಡೀ ವಾರ್ಡಿನಲ್ಲಿ ಅಮ್ಮನ ಜೊತೆ ಸರಿಯಾಗಿ ಮಾತಾಡಿದವಳು ಅವಳೊಬ್ಬಳೇ ಅನ್ನಿಸಿತು.

ಆಪರೇಷನ್ ಆದಮೇಲೆ ಅಮ್ಮ ಪೂರ್ತಿ ಸುಮ್ಮನಾದಳು. ಕಣ್ಣು ಮುಚ್ಚಿಕೊಂಡೇ ಇರುವುದು, ತುತ್ತು ಬಾಯಲ್ಲಿಟ್ಟರೆ ಅಗಿಯದೆ ಹಾಗೇ ಇಟ್ಟುಕೊಳ್ಳುವುದು. ರೌಂಡ್ಸಿಗೆ ಬಂದವರು "ನೋವಿದೆಯಾ?" ಅಂತ ಕೇಳುತ್ತಿದ್ದರು. "ಇಲ್ಲ" ಅನ್ನುತ್ತಿದ್ದಳು. ಜೀವಮಾನವೆಲ್ಲ ಯಾರು ಕೇಳಿದರೂ "ನಂಗೇನಾಗಿದೆ, ಚೆನ್ನಾಗಿದೀನಿ" ಅಂದವಳು ತಾನೇ? ಆದರೆ ಆಯಾ ಮಗ್ಗುಲು ತಿರುಗಿಸಿದಾಗೆಲ್ಲ ಬೆಡ್‌ಶೀಟಿನ ಅಂಚನ್ನು ಬೆರಳು ಬೆಳ್ಳಗಾಗುವ ಹಾಗೆ ಹಿಡಿದುಕೊಳ್ಳುತ್ತಿದ್ದಳು. ಅದನ್ನು ನೋಡಿದ್ದು ನನ್ನ ತಂಗಿ. ಅವಳು ಜಗಳ ಮಾಡಿ ನೋವಿನ ಔಷಧಿ ಹೊತ್ತು ಹೊತ್ತಿಗೆ ಕೊಡಿಸಿದ ಮೇಲೆ ಅಮ್ಮ ಎರಡು ತುತ್ತು ನುಂಗಿದಳು. ಅಲ್ಲಿಯವರೆಗೆ ಚೀಟಿಯಲ್ಲಿ ಬರೆದಿದ್ದು ಇಷ್ಟೇ: ಪೇಷಂಟ್ ಶಾಂತವಾಗಿದ್ದಾರೆ.

ಮಾವನದ್ದು ಇದಕ್ಕೆ ಪೂರಾ ಉಲ್ಟಾ. ಮೂವತ್ತು ವರ್ಷ ಬಸ್ ಓಡಿಸಿದ ಜೀವ, ಅವರಿಗೂ ಮರೆವು. ನ್ಯುಮೋನಿಯಾ ಅಂತ ಬೇರೆ ಆಸ್ಪತ್ರೆಯಲ್ಲಿ ಸೇರಿಸಿದ್ದೆವು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು "ಫಸ್ಟ್ ಟ್ರಿಪ್ಪು ಲೇಟಾಯ್ತು, ಡಿಪೋಗೆ ಹೋಗ್ಬೇಕು" ಅಂತ ಹೊರಟರು. ಡ್ರಿಪ್ಸ್ ಕಿತ್ತು ಬಂತು, ಯೂರಿನ್ ಪೈಪನ್ನೂ ಎಳೆದರು, ರಕ್ತ. ತಡೆಯಲು ಬಂದ ವಾರ್ಡ್ ಬಾಯ್‌ಗೆ ಒಂದು ಏಟು. ನಾವು ಹೋಗುವಷ್ಟರಲ್ಲಿ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ನಿದ್ದೆ ಇಂಜೆಕ್ಷನ್ ಬೇರೆ. ಮುಂದಿನ ಎರಡು ದಿನ ಅವರು ಕಣ್ಣೇ ಬಿಡಲಿಲ್ಲ.

ಯಾರನ್ನು ಬೈಯಲಿ ಹೇಳು? ಆ ರಾತ್ರಿ ಅಷ್ಟು ದೊಡ್ಡ ವಾರ್ಡಿಗೆ ಇದ್ದಿದ್ದು ಒಬ್ಬಳೇ ಸಿಸ್ಟರ್. ಆದರೆ ಒಂದು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಮಾವ ಕೂಗಾಡಿದ್ದಕ್ಕೆ ಕಟ್ಟಿಹಾಕಿದರು. ಅಮ್ಮ ಕೂಗಾಡಲಿಲ್ಲ, ಅವಳ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಗಂಡಸರೆಲ್ಲ ಹೀಗೆ, ಹೆಂಗಸರೆಲ್ಲ ಹಾಗೆ ಅಂತ ಹೇಳುತ್ತಿಲ್ಲ. ಜೋರು ಮಾಡುವ ಅಜ್ಜಿಯರನ್ನೂ ಆ ವಾರ್ಡಿನಲ್ಲೇ ನೋಡಿದೆ.

ಇಬ್ಬರಿಗೂ ಆಗಿದ್ದು ಒಂದೇ ತೊಂದರೆ ಅಂತ ಆಮೇಲೆ ಗೊತ್ತಾಯಿತು. ಡಾಕ್ಟರುಗಳು ಡೆಲಿರಿಯಂ ಅನ್ನುತ್ತಾರೆ. ಮರೆವು ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಇದು ಗಂಟೆಗಳಲ್ಲಿ, ದಿನದೊಳಗೆ ಬರುತ್ತದೆ. ಮರೆವು ಇರುವವರಿಗೆ ಬೇಗ ಅಂಟಿಕೊಳ್ಳುತ್ತದೆ. ಸೋಂಕು, ನೋವು, ಮಲಬದ್ಧತೆ, ನೀರು ಕುಡಿಯದಿರುವುದು, ನಿದ್ದೆಗೆಡುವುದು, ಕೆಲವು ಮಾತ್ರೆಗಳು, ಕನ್ನಡಕ ಇಲ್ಲದಿರುವುದು, ಯಾವುದರಿಂದಲಾದರೂ ಬರಬಹುದು. ಕೆಲವರು ರೇಗಾಡುತ್ತಾರೆ, ಕೆಲವರು ಮಂಕಾಗುತ್ತಾರೆ. ಮಂಕಾಗುವುದನ್ನೇ ಜನ "ಪರವಾಗಿಲ್ಲ, ಮಲಗಿದಾರೆ" ಅಂದುಕೊಳ್ಳುವುದು. ಹರ್ನಿಯಾಗೂ ಮರೆವಿಗೂ ಸಂಬಂಧ ಇದೇ ಕಣೋ.

ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಈ ಮರೆವಿನ ಕಾಯಿಲೆ ಇದೆ ಅಂತ 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜು. ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ. ಅಷ್ಟು ಜನ ಇದ್ದರೂ ಅಡ್ಮಿಷನ್ ಫಾರಂ ತುಂಬಿಸುವಾಗ ಶುಗರ್ ಇದೆಯಾ, ಬಿಪಿ ಇದೆಯಾ ಅಂತ ಕೇಳಿದರೇ ಹೊರತು, ಮರೆವು ಇದೆಯಾ ಅಂತ ನಮ್ಮನ್ನು ಎರಡು ಕಡೆಯೂ ಕೇಳಲಿಲ್ಲ.

ಇನ್ನೊಂದು ವಿಷಯ ನಿನಗೆ ಮುಖ್ಯ. ಮಾವ ಇದ್ದಿದ್ದು ಗಂಡಸರ ವಾರ್ಡು. ರಾತ್ರಿ ಎಂಟಾದ ಮೇಲೆ ಹೆಂಗಸರು ಇರುವಂತಿಲ್ಲ ಅಂತ ಅತ್ತೆಯನ್ನು ಎಬ್ಬಿಸಿ ಕಳಿಸಿದರು. ಪಕ್ಕದ ಹಾಸಿಗೆಯವರ ಮರ್ಯಾದೆಯೂ ನೋಡಬೇಕಲ್ಲ, ನಿಯಮ ತಪ್ಪು ಅನ್ನಲಾರೆ. ಆದರೆ ಅವರು ಡಿಪೋ ಅಂದಾಗ "ಇವತ್ತು ನಿಮ್ಗೆ ವೀಕ್ಲಿ ಆಫು, ಮಲ್ಕೊಳ್ಳಿ" ಅಂತ ಹೇಳಿ ಮಲಗಿಸಲು ಗೊತ್ತಿದ್ದಿದ್ದು ಅತ್ತೆಗೆ ಮಾತ್ರ. ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಅವರಿಗೆ ವೀಕ್ಲಿ ಆಫೇ.

ಇಂಗ್ಲೆಂಡಿನಲ್ಲಿ ಜಾನ್ ಗೆರಾರ್ಡ್ ಅಂತ ಒಬ್ಬರಿದ್ದರು, ಮರೆವಿನ ಕಾಯಿಲೆಯವರು. 2014ರಲ್ಲಿ ಕಾಲಿನ ಹುಣ್ಣಿಗೆ ಅಂತ ಆಸ್ಪತ್ರೆ ಸೇರಿದರು. ಮನೆಯವರನ್ನು ಸರಿಯಾಗಿ ಒಳಗೆ ಬಿಡಲಿಲ್ಲ. ನಡೆದುಕೊಂಡು ಹೋದವರು ಐದು ವಾರದ ನಂತರ ನಡೆಯಲಾಗದೆ ಮನೆಗೆ ಬಂದರು, ಅದೇ ವರ್ಷ ತೀರಿಕೊಂಡರು. ಮಗಳು ನಿಕ್ಕಿ ಗೆರಾರ್ಡ್ ತನ್ನ ಗೆಳತಿ ಜೂಲಿಯಾ ಜೋನ್ಸ್ ಜೊತೆ ಸೇರಿ ಅಪ್ಪನ ಹೆಸರಿನಲ್ಲೇ ಅಭಿಯಾನ ಶುರು ಮಾಡಿದಳು. ಕೇಳಿದ್ದು ಒಂದೇ: ಇಂಥ ರೋಗಿಯ ಜೊತೆ ಮನೆಯವರು ಇರಲು ಬಿಡಿ. ಅಲ್ಲಿನ ಎಷ್ಟೋ ಆಸ್ಪತ್ರೆಗಳು ಒಪ್ಪಿಕೊಂಡವು. ಅಟೆಂಡರ್ ಇಲ್ಲದೆ ಅಡ್ಮಿಟ್ಟೇ ಮಾಡಿಕೊಳ್ಳದ ನಮ್ಮೂರಲ್ಲಿ ಆ ಒಂದು ವಿಷಯ ಸಲೀಸು. ಆ ಅಟೆಂಡರ್ ಯಾರು ಅನ್ನುವುದೇ ಇಲ್ಲಿನ ತಾಪತ್ರಯ.

ಅದಕ್ಕೆ ಜನರಲ್ ವಾರ್ಡ್ ಬೇಡ. ಒಬ್ಬರೇ ಇರುವ ರೂಮು ಹಿಡಿ, ದುಡ್ಡು ಸಾಲದಿದ್ದರೆ ನನ್ನನ್ನು ಕೇಳು, ನಿಮ್ಮಮ್ಮ ರಾತ್ರಿಯೂ ಜೊತೆಯಲ್ಲಿರಲಿ. ಅರಿವಳಿಕೆ ಕೊಡುವ ಡಾಕ್ಟರಿಗೆ ಮರೆವಿನ ವಿಷಯ ನೀನೇ ಬಾಯಿಬಿಟ್ಟು ಹೇಳು, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ತೋರಿಸು. ಕನ್ನಡಕ, ಕಿವಿ ಮೆಷಿನ್ ಅಪ್ಪನ ಹತ್ತಿರವೇ ಇರಲಿ. ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಮಂಚದ ತಲೆ ಕಡೆ ಅಂಟಿಸು: ಮೇಷ್ಟ್ರೇ ಅಂತ ಕರೆದರೆ ತಿರುಗುತ್ತಾರೆ, ಎಡ ಕಿವಿ ಕೇಳಿಸಲ್ಲ, ಪಂಚೆ ಎಳೆದಾಡಿದರೆ ಮೂತ್ರಕ್ಕೆ ಹೋಗಬೇಕು ಅಂತ ಅರ್ಥ. ಅಮ್ಮನ ವಿಷಯದಲ್ಲಿ ಇಂಥದ್ದೊಂದು ಹಾಳೆ ನಾನು ಬರೆಯಲಿಲ್ಲ.

ನಿಮ್ಮಮ್ಮನಿಗೂ ಎಪ್ಪತ್ತಾಯಿತು, ಎಲ್ಲ ರಾತ್ರಿ ಅವರ ಕೈಲಿ ಆಗಲ್ಲ. ಆಪರೇಷನ್ನಿನ ಮರುದಿನ ರಾತ್ರಿ ನಾನು ಬರುತ್ತೇನೆ, ಆಫೀಸಿಗೆ ಹೇಳಿಯಾಗಿದೆ. ನಿಮ್ಮಪ್ಪ ಏಳನೇ ಕ್ಲಾಸಿನಲ್ಲಿ ನನ್ನ ಕಿವಿ ಹಿಂಡಿ ಹೇಳಿಕೊಟ್ಟ ಹದಿನೇಳರ ಮಗ್ಗಿ ಇನ್ನೂ ಬಾಯಿಗೆ ಬರುತ್ತದೆ. ಅವರು ಎದ್ದು ಕೂತರೆ ಒಪ್ಪಿಸುತ್ತೇನೆ. ನಡುವೆ ಒಂದು ತಪ್ಪು ಹೇಳಿ ನೋಡುತ್ತೇನೆ, ತಿದ್ದುತ್ತಾರಾ ಅಂತ.

ನಿನ್ನ ಗೆಳೆಯ